ಎರಡನೇ ಪಿಯುಸಿಯವರಿಗೆ, ಲ್ಯಾಬ್ ಅಟೆಂಡರ್ ಹೇಳುವುದು

ಚಪ್ಪಲಿ ಕಳಚಬೇಡಿ, ಕಾಲಿಗಿರಲಿ.
ಕಳೆದ ವರ್ಷದ ಗಾಜಿನ ಚೂರು ಒಂದೆರಡು
ಮೇಜಿನಡಿ ಇನ್ನೂ ಉಂಟು, ನನ್ನ ಪೊರಕೆಗೆ ಸಿಗದ್ದು.
ನಾನು ದೂಮಪ್ಪ ಸಾಲ್ಯಾನ್.
ಈ ಬೋಳಾರದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ
ಲೋಟ ತೊಳೆದವ. ಬೀಕರ್ ಅನ್ನಬೇಕಂತೆ, ಅನ್ನುವ.

ಹತ್ತನೆಯಲ್ಲಿ ನೀವು ಓದಿದ ಜೀವಶಾಸ್ತ್ರ
ಬಸ್ಸಿನ ಕಿಟಕಿಯಿಂದ ಕಂಡ ಸಮುದ್ರ.
ಇದು ಹಾಗಲ್ಲ ಮಾರಾಯ್ರೇ,
ಇಲ್ಲಿ ಉಪ್ಪು ಬಾಯಿಗೇ ಬರುತ್ತದೆ.

ಮೊದಲು ಪೆನ್ಸಿಲ್. ಬೂತಾಯಿ ಮುಳ್ಳಿನಷ್ಟು ಚೂಪು.
ಚಿತ್ರಕ್ಕೆ ನೆರಳು ಕೊಡಬಾರದು, ಚುಕ್ಕಿ ಮಾತ್ರ.
ನೆರಳು ಕಂಡರೆ ಮೊಂತೇರೊ ಮೇಡಂ ಹಾಳೆಯನ್ನೇ ಹರಿಯುತ್ತಾರೆ,
ಹರಿದ ಹಾಳೆಯಲ್ಲಿ ನಾನು ಸಿಂಕು ಒರೆಸುತ್ತೇನೆ.

ಸೋಮವಾರ ನೀರುಳ್ಳಿ ಬೇರು.
ಎಂಟೂವರೆಯೊಳಗೆ ತುದಿ ಕತ್ತರಿಸಿ.
ತಡವಾದರೆ ಕೋಶಗಳು ಒಡೆಯುವುದನ್ನು ಬಿಡುವುದಿಲ್ಲ,
ನಿಮಗೆ ತೋರಿಸುವುದನ್ನು ಬಿಡುತ್ತವೆ, ಅಷ್ಟೆ.
ಕೆಂಪು ಬಣ್ಣ ಒಂದು ತೊಟ್ಟು, ದೀಪದ ಮೇಲೆ ಸ್ವಲ್ಪ ಬಿಸಿ,
ಆಮೇಲೆ ಹೆಬ್ಬೆರಳಿಂದ ನೆಟ್ಟಗೆ ಒತ್ತಿ. ಜಾರಿಸಬೇಡಿ.
ಜಾರಿಸಿದ ಹಫೀಝನಿಗೆ ದಿನವಿಡೀ ಕಂಡದ್ದು ಅವನದೇ ರೆಪ್ಪೆಗೂದಲು.
ಅದನ್ನೇ ಬಿಡಿಸಿ, ಭಾಗಗಳ ಹೆಸರು ಬರೆದು, ಸಹಿಗೆ ಇಟ್ಟಿದ್ದ.

ಕಪ್ಪೆ ಕೊಯ್ಯುವುದು ಈಗ ಇಲ್ಲ.
ಆಗ ಗದ್ದೆಯಿಂದ ಗೋಣಿಯಲ್ಲಿ ತರುತ್ತಿದ್ದದ್ದು ನಾನೇ.
ಸಂಜೆ ಬೀಗ ಹಾಕುವಾಗ ಒಳಗಿಂದ ಕೂಗುತ್ತಿದ್ದವು.
ಯಾವ ಪರೀಕ್ಷೆಯಲ್ಲೂ ಅದನ್ನು ಕೇಳಲಿಲ್ಲ.

ಲೆಕ್ಕ ಬೇಡವೆಂದು ಇತ್ತ ಬಂದವರು ಅಳಬೇಡಿ,
ಬಟಾಣಿಗೂ ಲೆಕ್ಕ ಉಂಟು:
ಒಂಬತ್ತು, ಮೂರು, ಮೂರು, ಒಂದು.
ಮೈಟೋಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಅಂದ ದಿನ
ಹಿಂದಿನ ಬೆಂಚಿನಲ್ಲಿ ಯಾರಾದರೂ ನಗುತ್ತಾರೆ,
"ನಮ್ಮ ಬಳಿಯ ಹಾಗೆಯೇ ಮೇಡಂ!"
ಮೇಡಂ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ.

ನವೆಂಬರಿನಲ್ಲಿ ರಕ್ತ. ಉಂಗುರದ ಬೆರಳಿಗೆ ಒಂದು ಚುಚ್ಚು.
ಕಬಡ್ಡಿ ಆಡುವವನೇ ಮೊದಲು ಬೀಳುವುದು,
ಸ್ಟೂಲು ತಯಾರಿಟ್ಟಿರುತ್ತೇನೆ.
ನೀಲಿ ಬಾಟಲಿ, ಹಳದಿ ಬಾಟಲಿ, ಬಣ್ಣವಿಲ್ಲದ್ದು ಇನ್ನೊಂದು.
ಕಟ್ಟಿತೋ, ಕಟ್ಟಲಿಲ್ಲವೋ,
ನೋಡಿ ಬರೆಯುವುದು.

(ಇಲ್ಲಿಂದ ಮುಂದಿನದು ನಾನು ಬಾಯಿ ಬಿಟ್ಟು ಹೇಳುವುದಿಲ್ಲ.
ಎಲ್ಲರೂ ಹೋದ ಮೇಲೆ ಒಬ್ಬಳು ನಿಂತಿದ್ದಳು,
ತೊಳೆದ ಸ್ಲೈಡನ್ನೇ ಮತ್ತೆ ತೊಳೆಯುತ್ತ.
"ಅಣ್ಣ, ಅಪ್ಪನದು ಎಬಿ ಇದ್ದರೆ ಮಗಳದು ಓ ಆಗ್ತದಾ?"

ನಾನು ಎಸ್ಸೆಸ್ಸೆಲ್ಸಿ ಫೇಲು. ಆದರೂ ಮೂವತ್ತೊಂದು ವರ್ಷ
ಕರಿಹಲಗೆಯಿಂದ ಆ ಉತ್ತರ ಒರೆಸಿದವನು ನಾನು.
"ಬಾಟಲಿ ಹಳತು ಮಗಾ," ಅಂದೆ, "ತಾರೀಕು ಮುಗಿದದ್ದು."
ಬಾಟಲಿ ಹಿಂದಿನ ವಾರವಷ್ಟೇ ಬಂದದ್ದು.
ಅವಳು ಅದನ್ನು ಬೆಳಕಿಗೆ ಹಿಡಿದು
ಚೀಟಿ ಓದಿದಳು. ನಿಧಾನವಾಗಿ.
ಓದದೆ ಇರುತ್ತಾಳೆಯೇ, ನಾವೇ ಕಲಿಸಿದ್ದಲ್ಲವೇ.

ಜನವರಿಗೆ ಎಲ್ಲರೂ ವಂಶದ ನಕ್ಷೆ ಬಿಡಿಸಿ ತಂದರು.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಹೊಟ್ಟೆಯಲ್ಲಿ ಹುಟ್ಟದ್ದಕ್ಕೆ ಚುಕ್ಕಿಗೆರೆ.
ಅವಳದು ಅಪ್ಪನಿಂದ ಅವಳವರೆಗೆ ಇಡೀ ಗೆರೆ,
ಪೆನ್ಸಿಲ್ ಊರಿ ಎಳೆದದ್ದು.
ಹಾಳೆ ಮಗುಚಿದರೆ ಆಚೆ ಪುಟದಲ್ಲೂ ಕೈಗೆ ಸಿಗುತ್ತಿತ್ತು.
ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು,
ಬಹಳ ಹೊತ್ತು ಹಾಗೇ ಕೂತರು,
ನೀಲಿ ಪೆನ್ನಿನಲ್ಲಿ ಸಹಿ ಹಾಕಿದರು.)

ಎಂಥದು ನೋಡ್ತಾ ನಿಂತಿದ್ದೀರಿ?
ನೀರುಳ್ಳಿ ಸಣ್ಣದು ತನ್ನಿ, ಮೊಳಕೆ ಬಂದದ್ದು ಬೇಡ,
ಹಳೆ ಬೇರು ಕೆರೆದು ಬಾಟಲಿ ಬಾಯಲ್ಲಿ ಕೂರಿಸಿ,
ಬುಡ ಮಾತ್ರ ನೀರು ಮುಟ್ಟಲಿ.
ಹೆಸರು ಬರೆದಿಡಿ, ಇಲ್ಲವಾದರೆ
ಯಾರ ಬೇರು ಯಾರದೆಂದು ಆಮೇಲೆ ನನ್ನನ್ನು ಕೇಳಬೇಡಿ.